1 ಲಕ್ಷ 10 ಸಾವಿರ ಜನ ನೋಡಿದ ಫೈನಲ್ ಲೆಕ್ಕಕ್ಕಿಲ್ಲವಂತೆ!

"ಹುಡುಗೀರ ಫುಟ್‌ಬಾಲ್ ಯಾರ್ರೀ ನೋಡ್ತಾರೆ?" ಅನ್ನುವ ಮಾತನ್ನು ನೀವು ಕೇಳಿಯೇ ಇರುತ್ತೀರಿ. ನಿಮ್ಮಲ್ಲಿ ಕೆಲವರು ಆಡಿಯೂ ಇರುತ್ತೀರಿ. ಹಾಗಾದರೆ ಇದಕ್ಕೊಂದು ಉತ್ತರ ಕೊಡಿ.

1971ರ ಸೆಪ್ಟೆಂಬರ್ 5. ಮೆಕ್ಸಿಕೋ ನಗರದ ಅಜ್ಟೆಕಾ ಕ್ರೀಡಾಂಗಣ. ಒಂದು ವರ್ಷದ ಹಿಂದಷ್ಟೇ ಪೆಲೆಯ ಬ್ರೆಜಿಲ್ ವಿಶ್ವಕಪ್ ಗೆದ್ದ ಅದೇ ಮೈದಾನ. ಆವತ್ತು ಅಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ ಫೈನಲ್, ಮೆಕ್ಸಿಕೋ ವಿರುದ್ಧ ಡೆನ್ಮಾರ್ಕ್. ನೋಡಲು ಬಂದವರು ಅಂದಾಜು 1 ಲಕ್ಷ 10 ಸಾವಿರ ಮಂದಿ! ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ನಾಲ್ಕು ಸಲ ತುಂಬಿಸಿದರೂ ಇನ್ನೂ ಜನ ಗೇಟಿನ ಹೊರಗೆ ಉಳಿಯುತ್ತಾರೆ. ಡೆನ್ಮಾರ್ಕ್ 3-0ಯಿಂದ ಗೆದ್ದಿತು. ಮೂರು ಗೋಲನ್ನೂ ಹೊಡೆದವಳು ಸುಸಾನೆ ಆಗಸ್ಟೆಸೆನ್ ಎಂಬ ಹುಡುಗಿ. ವಯಸ್ಸು ಹದಿನೈದು. ನಮ್ಮಲ್ಲಾದರೆ ಎಸ್ಸೆಸ್ಸೆಲ್ಸಿ ಓದುವ ವಯಸ್ಸು.

ಈಗ ವಿಶ್ವಕಪ್ಪಿನ ಅಧಿಕೃತ ಪಟ್ಟಿ ತೆಗೆದು ನೋಡಿ. ಮಹಿಳೆಯರ ಮೊದಲ ವಿಶ್ವಕಪ್ 1991, ಚೀನಾ, ಅಮೆರಿಕ 2-1ರಿಂದ ನಾರ್ವೆಯನ್ನು ಸೋಲಿಸಿತು ಎಂದಿದೆ. 1971 ಎಲ್ಲಿ ಹೋಯಿತು? ಫಿಫಾ ಅದನ್ನು ನಡೆಸಲಿಲ್ಲ, ಒಪ್ಪಲೂ ಇಲ್ಲ. ಆದ್ದರಿಂದ ಅದು ನಡೆದೇ ಇಲ್ಲ! ಟಿಕೆಟ್ ಕೊಂಡ ಲಕ್ಷ ಜನ ಏನು ಕನಸು ಕಂಡರೇ?

ಒಪ್ಪದಿದ್ದರೆ ಸುಮ್ಮನಿರಬಹುದಿತ್ತು. ಅದೂ ಇಲ್ಲ. ಮೈದಾನ ಕೊಟ್ಟ ಕ್ಲಬ್ಬುಗಳಿಗೆ ದಂಡ ಹಾಕುತ್ತೇವೆ ಎಂದು ಮೆಕ್ಸಿಕೋದ ಫುಟ್‌ಬಾಲ್ ಸಂಸ್ಥೆ ಹೆದರಿಸಿತು. ಆ ಸಂಸ್ಥೆಯ ಮಾತು ನಡೆಯದ ಅಜ್ಟೆಕಾ ಮತ್ತು ಗ್ವಾಡಲಹಾರಾದ ಹಲಿಸ್ಕೋ ಕ್ರೀಡಾಂಗಣಗಳು ಸಿಕ್ಕವು. ಚಿಕ್ಕ ಮೈದಾನ ತಪ್ಪಿಸಲು ಹೋಗಿ ದೊಡ್ಡದನ್ನೇ ಕೊಡಿಸಿದ ಹಾಗಾಯಿತು!

ಇಂಗ್ಲೆಂಡಿನಿಂದ ಹೋದ ಹುಡುಗಿಯರ ಕಥೆ ಇನ್ನೂ ಕೆಟ್ಟದ್ದು. ಹ್ಯಾರಿ ಬ್ಯಾಟ್ ಎಂಬ ಮನುಷ್ಯ ತಂಡ ಕಟ್ಟಿ ಕರೆದೊಯ್ದ. ತಂಡದಲ್ಲಿ ಹದಿಮೂರರ ಹುಡುಗಿಯೂ ಇದ್ದಳು. ಆಡಿದ ಪಂದ್ಯಗಳನ್ನೆಲ್ಲ ಸೋತರು, ಅದು ಬೇರೆ ಮಾತು. ಊರಿಗೆ ಮರಳಿದಾಗ ಆಟಗಾರ್ತಿಯರಿಗೆ ಕೆಲವು ತಿಂಗಳ ನಿಷೇಧ, ಬ್ಯಾಟ್‌ಗೆ ಶಾಶ್ವತ ಬಹಿಷ್ಕಾರ. ಶಿಕ್ಷೆ ಕೊಟ್ಟವರು ಯಾರು ಗೊತ್ತೇ? ಅಲ್ಲಿನ ಮಹಿಳಾ ಫುಟ್‌ಬಾಲ್ ಸಂಸ್ಥೆಯವರೇ. ದೊಡ್ಡವರ ಮನ್ನಣೆಗಾಗಿ ಕಾಯುವವರು ತಮ್ಮವರನ್ನೇ ಮೊದಲು ಹೊಡೆಯುತ್ತಾರೆ. ಇದನ್ನು ನಾನು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಈ ರೋಗ ಹಳೆಯದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಪ್ರೆಸ್ಟನ್ನಿನ ಡಿಕ್ ಕೆರ್ ಕಾರ್ಖಾನೆಯ ಹೆಣ್ಣಾಳುಗಳು ಆಡಿದ ಪಂದ್ಯಕ್ಕೆ 53 ಸಾವಿರ ಜನ ಸೇರಿದ್ದರು. ಜಾಗ ಸಾಲದೆ ಸಾವಿರಾರು ಮಂದಿ ವಾಪಸು ಹೋದರು. ಕೂಡಿದ ಹಣ ಧರ್ಮಕಾರ್ಯಕ್ಕೆ. ಮುಂದೇನಾಯಿತು? ಮರುವರ್ಷ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಹಣದ ಲೆಕ್ಕವೂ ಸರಿಯಿಲ್ಲ ಎಂದು ಹೇಳಿ, ತಮ್ಮ ಕೆಳಗಿನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿದರು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಜನ ಬಾರದೆ ಆಟ ಸತ್ತಿದ್ದಲ್ಲ. ಜನ ಬಂದದ್ದೇ ಕೆಲವರಿಗೆ ಉರಿಯಾಯಿತು.

ಐವತ್ತು ವರ್ಷ ಅಂಗಡಿಗೆ ಬೀಗ ಜಡಿದು, ಆಮೇಲೆ "ನಿಮಗೆ ಗಿರಾಕಿ ಎಲ್ಲಿ?" ಎಂದು ಕೇಳುವುದು ಯಾವ ನ್ಯಾಯ, ನೀವೇ ಹೇಳಿ.

ಹಣದ ಮಾತೂ ಬಂತು. ಮೆಕ್ಸಿಕೋದ ಆಟಗಾರ್ತಿಯರು ಫೈನಲ್ಲಿಗೆ ಮೊದಲು 20 ಲಕ್ಷ ಪೆಸೋ ಕೇಳಿದರು, ಇಲ್ಲದಿದ್ದರೆ ಮೈದಾನಕ್ಕೆ ಇಳಿಯುವುದಿಲ್ಲ ಎಂದರು. ಪತ್ರಿಕೆಗಳು ಅವರನ್ನು ದುರಾಸೆಯವರೆಂದು ಜರೆದವು. ಟಿಕೆಟ್ ಮಾರಿದವನು, ಜಾಹೀರಾತು ಹಾಕಿದವನು ಆಸೆಬುರುಕನಲ್ಲ, ಓಡಿ ಬೆವರು ಸುರಿಸಿದವಳು ಮಾತ್ರ ಆಸೆಬುರುಕಿ! ಕೊನೆಗೆ ಕೇಳಿದ ಹಣ ಸಿಗದೆಯೇ ಆಡಿದರು.

ನಾನು ಅಚ್ಚುಕೂಟ ನಡೆಸುವವನು. ಅಚ್ಚಾಗದ್ದು ಹೇಗೆ ಮರೆತುಹೋಗುತ್ತದೆ ಎಂಬುದು ನನಗೆ ದಿನಾ ಕಾಣುತ್ತದೆ. 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದಲ್ಲಿ ಮಹಿಳೆಯರ ಪಂದ್ಯವೊಂದಕ್ಕೆ 91,648 ಜನ ಬಂದಾಗ ವಿಶ್ವದಾಖಲೆ ಎಂದು ಬರೆದರು. 91 ಸಾವಿರ ದೊಡ್ಡದೋ, 1 ಲಕ್ಷ 10 ಸಾವಿರ ದೊಡ್ಡದೋ? ಪಿಯುಸಿಗೆ ನಿಂತ ನನಗೇ ಈ ಲೆಕ್ಕ ಬರುತ್ತದೆ.

ಬೇರೆ ದೇಶದ ಪುರಾಣ ನಮಗೇಕೆ ಎನ್ನಬೇಡಿ. 2023ರ ಮೇ ತಿಂಗಳಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಅಹಮದಾಬಾದಿನಲ್ಲಿ ನಡೆಯಿತು. ಗೋಕುಲಂ ಕೇರಳದ ಎದುರು ಆಡಿದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್. 5-0ಯಿಂದ ಸೋತರು ನಿಜ. ಆದರೆ ದೇಶದ ಫೈನಲ್‌ವರೆಗೆ ಹೋದ ಆ ತಂಡದ ಹನ್ನೊಂದು ಹೆಸರಲ್ಲಿ ಒಂದನ್ನು ಹೇಳಿ ನೋಡೋಣ? ಐಪಿಎಲ್ ತಂಡದ ಹನ್ನೊಂದೂ ಹೆಸರು ನಿದ್ದೆಯಲ್ಲೂ ಹೇಳುತ್ತೀರಿ.

ಬಡಾವಣೆಯ ಟೂರ್ನಿಗಳ ಪೋಸ್ಟರ್ ನನ್ನಲ್ಲಿಗೂ ಬರುತ್ತವೆ. ಗಂಡುಮಕ್ಕಳ ಫೈನಲ್ಲಿಗೆ ನಾಲ್ಕು ಬಣ್ಣ, ಅತಿಥಿಗಳ ಫೋಟೋ ಸಾಲು. ಹೆಣ್ಣುಮಕ್ಕಳ ಪಂದ್ಯ ಇದ್ದರೆ ಪ್ರಾಯೋಜಕರ ಹೆಸರಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು. ಸಮಯ ಕೂಡ ಇರುವುದಿಲ್ಲ. ಸಮಯ ಹಾಕದೆ ಜನ ಬರಲಿಲ್ಲ ಅನ್ನುತ್ತಾರೆ! ಈ ಸಲ ನಿಮ್ಮ ಸಂಘದ ಟೂರ್ನಿಯಲ್ಲಿ ಹುಡುಗಿಯರ ಫೈನಲ್ ಇದ್ದರೆ ಮ್ಯಾಟರ್ ತನ್ನಿ. ಅವರ ಹೆಸರು, ಊರು, ಸಮಯ ಎಲ್ಲವನ್ನೂ ದಪ್ಪಕ್ಷರದಲ್ಲಿ ಹಾಕೋಣ. ಕಾಗದ ನಿಮ್ಮದು, ಪ್ಲೇಟಿನ ಖರ್ಚು ನನ್ನದು.