ಬ್ಯಾಟರಿಯನ್ನು ಬದಲಿಸುವ ಮುನ್ನ

ಹಂಪೆಯ ವಿಜಯವಿಠ್ಠಲ ದೇವಾಲಯವನ್ನು ನೋಡಹೋಗುವವರು ತಮ್ಮ ವಾಹನಗಳನ್ನು ಸುಮಾರು ಒಂದು ಕಿಲೋಮೀಟರು ಹಿಂದೆಯೇ ಬಿಟ್ಟು ಬ್ಯಾಟರಿ ಗಾಡಿಯನ್ನು ಹತ್ತುತ್ತಾರೆ. ಮೈಸೂರಿನ ಮೃಗಾಲಯದಲ್ಲಿಯೂ ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ನಡೆಯಲಾರದ ವೃದ್ಧರಿಗೆ ಇಂಥವೇ ಗಾಡಿಗಳು ಆಶ್ರಯವಾಗಿವೆ. ಗಾಲ್ಫ್ ಮೈದಾನದ ವಿನೋದಕ್ಕೆಂದು ಹುಟ್ಟಿದ ವಾಹನವೊಂದು ಹೀಗೆ ಅಶಕ್ತರ ಅಗತ್ಯವಾಗಿ ಪರಿಣಮಿಸಿರುವಾಗ, ಅದು ನಡುದಾರಿಯಲ್ಲಿ ನಿಂತೊಡನೆ 'ಬ್ಯಾಟರಿ ಹೋಯಿತು' ಎಂದು ತೀರ್ಮಾನಿಸಿ, ಒಂದೊಂದೂ ಸುಮಾರು 30 ಕಿಲೋ ತೂಗುವ ಸೀಸದ ಬ್ಯಾಟರಿಗಳ ಇಡೀ ಸೆಟ್ಟನ್ನೇ ಕಿತ್ತುಹಾಕುವ ಅಭ್ಯಾಸವು, ಯಾವ ಸಂಸ್ಥೆಯಲ್ಲಿಯೇ ಇರಲಿ, ಅತ್ಯಂತ ಅನುಚಿತವಾದುದು. ಅಳೆಯದೆ ಬದಲಿಸಕೂಡದು.

48 ವೋಲ್ಟಿನ ಗಾಡಿಯಲ್ಲಿ ಸಾಮಾನ್ಯವಾಗಿ 8 ವೋಲ್ಟಿನ 6 ಬ್ಯಾಟರಿಗಳು ಸರಣಿಯಾಗಿ ಜೋಡಣೆಗೊಂಡಿರುತ್ತವೆ. ಎಲ್ಲದರ ಮೂಲಕವೂ ಹರಿಯುವುದು ಒಂದೇ ಪ್ರವಾಹವಾದುದರಿಂದ, ಒಂದು ದುರ್ಬಲವಾದರೂ ಉಳಿದೈದರ ಸಾಮರ್ಥ್ಯವು ನಿರರ್ಥಕವಾಗುತ್ತದೆ. ಪೂರ್ಣ ಚಾರ್ಜಾಗಿ ಕೆಲವು ಗಂಟೆ ವಿಶ್ರಮಿಸಿದ ಸೆಟ್ಟು ಸುಮಾರು 51 ವೋಲ್ಟು ತೋರಬೇಕು. ಆದರೆ ನಿಂತ ಗಾಡಿಯ ಅಳತೆಯನ್ನು ನಂಬುವಂತಿಲ್ಲ. ಏರುದಾರಿಯಲ್ಲಿ ಹೊರೆ ಬಿದ್ದಾಗ ಐದು ಬ್ಯಾಟರಿಗಳು 8ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 6ಕ್ಕೆ ಕುಸಿದರೆ, ದೋಷವು ಯಾವುದರಲ್ಲಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ.

ಅನೇಕ ವೇಳೆ ಆರೂ ನಿರ್ದೋಷವಾಗಿರುತ್ತವೆ. ಟರ್ಮಿನಲ್ಲಿಗೂ ಕೇಬಲ್ಲಿನ ತುದಿಯ ಲಗ್ಗಿಗೂ ನಡುವೆ ಬಿಳಿಹಸುರು ಕಿಲುಬು ಕಟ್ಟಿ, ಅಥವಾ ನಟ್ಟು ಸಡಿಲಗೊಂಡು, ಕೇವಲ 0.01 ಓಮಿನಷ್ಟು ಪ್ರತಿರೋಧವುಂಟಾದರೂ, 150 ಆಂಪಿಯರ್ ಹರಿಯುವಾಗ ಅಲ್ಲಿ ಒಂದೂವರೆ ವೋಲ್ಟು ನಷ್ಟವಾಗಿ, 225 ವ್ಯಾಟಿನಷ್ಟು ಶಕ್ತಿಯು ಆ ಒಂದೇ ಬೋಲ್ಟಿನಲ್ಲಿ ಶಾಖವಾಗಿ ಪರಿವರ್ತನೆ ಹೊಂದುತ್ತದೆ. ಗಾಡಿ ಓಡುತ್ತಿರುವಾಗ ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಟರ್ಮಿನಲ್ಲಿಗೂ ಇನ್ನೊಂದನ್ನು ಲಗ್ಗಿಗೂ ಒತ್ತಿ ಹಿಡಿದರೆ, ನೆಟ್ಟಗಿರುವ ಜೋಡಣೆಯು ಹೆಚ್ಚುಕಡಮೆ ಸೊನ್ನೆಯನ್ನೇ ತೋರತಕ್ಕದ್ದು. ತೋರದಿದ್ದರೆ, ಉಂಗುರ ಗಡಿಯಾರಗಳನ್ನು ತೆಗೆದಿಟ್ಟು, ನೆಗೆಟಿವ್ ಕೇಬಲನ್ನು ಮೊದಲು ಬಿಚ್ಚಿ, ಆಸಿಡ್ಡಿನ ಕೋಶಗಳೊಳಗೆ ಹನಿಯೂ ಇಳಿಯದಂತೆ ಅಡಿಗೆ ಸೋಡದ ನೀರಿನಿಂದ ಕಿಲುಬನ್ನು ತೊಳೆದು, ತಂತಿಬ್ರಷ್ಷಿನಿಂದ ಉಜ್ಜಿ, ಬಿಗಿಮಾಡಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕವು ಹೊರಡುವುದರಿಂದ ಬೀಡಿ ಸಿಗರೇಟಿನವರು ಹತ್ತಿರ ಸುಳಿಯಲಾಗದು. ಡಿಸ್ಟಿಲ್ಡ್ ನೀರನ್ನು ಚಾರ್ಜಾದ ಮೇಲೆ ತುಂಬಬೇಕೆಂಬುದೂ ನಲ್ಲಿಯ ನೀರು ಸಲ್ಲದೆಂಬುದೂ ಬಲ್ಲವರಿಗೆ ತಿಳಿದೇ ಇದೆ.

ಬ್ಯಾಟರಿ ನಿಜವಾಗಿಯೂ ಸಾಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಡೌನಾದ ಸ್ಥಿತಿಯಲ್ಲಿ ವಾರಗಟ್ಟಲೆ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟುತ್ತದೆ. ದೀರ್ಘವಾಗಿ ಚಾರ್ಜು ಮಾಡಿದರೂ ಹೈಡ್ರೋಮೀಟರು ತೋರುವ ಆಸಿಡ್ಡಿನ ಸಾಪೇಕ್ಷ ಸಾಂದ್ರತೆಯು 1.265ರ ಸಮೀಪಕ್ಕೆ ಏರದ ಕೋಶವನ್ನು ಉಳಿಸುವ ಪ್ರಯತ್ನವು ಬಹುಮಟ್ಟಿಗೆ ವ್ಯರ್ಥ. ಸೆಟ್ಟೆಲ್ಲವೂ ಮುದಿಯಾಗಿದ್ದರೆ ಒಂದನ್ನೇ ಹೊಸದಾಗಿ ಸೇರಿಸುವುದೂ ಹಿತವಲ್ಲ, ಹಳೆಯವುಗಳ ಜೊತೆ ಎಳೆದು ಎಳೆದು ಹೊಸದೂ ಬೇಗನೆ ಸೊರಗುತ್ತದೆ. ಇವೆಲ್ಲ ಅಳತೆಯಿಂದಲೇ ತಿಳಿಯತಕ್ಕ ಸಂಗತಿಗಳು.

ಅಳೆಯುವವರು ಯಾರು? ಪ್ರತಿದಿನವೂ ಗಾಡಿಯ ಬಲಾಬಲವನ್ನು ಮೊದಲು ಗ್ರಹಿಸುವ ಚಾಲಕರೇ ಆ ಕಾರ್ಯಕ್ಕೆ ಅರ್ಹರು. ಹಂಪೆಯಲ್ಲಿ ಗಾಡಿ ನಡೆಸಿರುವ ಸ್ಥಳೀಯ ಹೆಣ್ಣುಮಕ್ಕಳಂಥವರ ಕೈಗೆ ಒಂದು ಮೀಟರು, ಒಂದು ಹೈಡ್ರೋಮೀಟರು, ಒಂದು ಸ್ಪ್ಯಾನರು ಕೊಟ್ಟು, ಕೆಲವು ದಿನ ಕಲಿಸಿ, ಆ ಹೆಚ್ಚಿನ ಕೆಲಸಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು. ವಾರಕ್ಕೊಮ್ಮೆ ಪ್ರತಿ ಬ್ಯಾಟರಿಯ ವೋಲ್ಟೇಜು ಪುಸ್ತಕದಲ್ಲಿ ದಾಖಲಾಗಲಿ. ಆ ಪುಸ್ತಕವನ್ನು ಪರಿಶೀಲಿಸದೆ ಹೊಸ ಸೆಟ್ಟಿನ ಬಿಲ್ಲನ್ನು ಮಂಜೂರು ಮಾಡಕೂಡದೆಂಬ ಒಂದು ಷರತ್ತನ್ನು ಸಂಬಂಧಪಟ್ಟವರು ಮುಂದಿನ ಟೆಂಡರಿನಲ್ಲಿಯೇ ಸೇರಿಸಲಿ.