ಬಾಡಿಗೆ ಮನೆಗೆ ಜಾಮೀನು ನಿಲ್ಲಬೇಡಿ

ಜೂನ್ ತಿಂಗಳು ಬಂತೆಂದರೆ ಹೊರನಾಡಿನ ಕನ್ನಡಿಗರ ಮನೆಗಳಿಗೆ ಒಂದು ಬಗೆಯ ದೂರವಾಣಿ ಕರೆಗಳು ಬರತೊಡಗುತ್ತವೆ. ಊರಿನ ಯಾರದೋ ಮಗ ಕೆಲಸಕ್ಕೋ ಓದಿಗೋ ಬಂದಿರುತ್ತಾನೆ. ಮೂರು ನಾಲ್ಕು ಹುಡುಗರು ಸೇರಿ ಒಂದು ಫ್ಲ್ಯಾಟ್ ನೋಡಿರುತ್ತಾರೆ. ಮಾಲೀಕನಿಗೆ ಸ್ಥಳೀಯರೊಬ್ಬರ ಜಾಮೀನು ಬೇಕಾಗಿರುತ್ತದೆ. "ನೀವು ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರು, ನಿಮ್ಮದೊಂದು ಸಹಿಯಿದ್ದರೆ ಸಾಕಂತೆ" ಎಂಬ ಮಾತಿನೊಂದಿಗೆ ಕರೆ ಮುಗಿಯುತ್ತದೆ. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟೇ: ಆ ಸಹಿಯನ್ನು ಹಾಕಬಾರದು. ಬೇರೆ ದಾರಿಯೇ ಇಲ್ಲವೆಂದಾದರೂ, ಈಗ ನಾವೆಲ್ಲ ಕಣ್ಣುಮುಚ್ಚಿ ಹಾಕುತ್ತಿರುವ ರೀತಿಯಲ್ಲಂತೂ ಹಾಕಬಾರದು.

ಈ ಮಾತನ್ನು ನಮ್ಮ ಕೂಟದಲ್ಲಿ ಆಡಿದಾಗ ಹಿರಿಯರೊಬ್ಬರು ಬೇಸರಪಟ್ಟರು. ತಾವು ನಾಲ್ಕು ದಶಕಗಳ ಹಿಂದೆ ಒಂದು ಟ್ರಂಕಿನೊಂದಿಗೆ ಪುಣೆಯಲ್ಲಿ ಇಳಿದಾಗ ಕನ್ನಡಿಗರೊಬ್ಬರು ತಮಗಾಗಿ ನಿಂತಿದ್ದರಿಂದಲೇ ತಲೆಯ ಮೇಲೊಂದು ಸೂರು ದೊರೆಯಿತೆಂದೂ, ಈಗಿನವರಿಗೆ ಊರಿನ ಋಣವೇ ಬೇಡವಾಗಿದೆಯೆಂದೂ ಹೇಳಿದರು. ಅವರ ಮೇಲಿನ ಗೌರವದಿಂದ ಅಂದು ಸುಮ್ಮನಿದ್ದೆ. ಆದರೆ ಅವರಿಗಾಗಿ ನಿಂತ ಆ ಮಹನೀಯರು ಮಾಡಿದ್ದೇನು? ಮನೆಯೊಡೆಯನ ಬಳಿಗೆ ಹೋಗಿ, "ಈತ ನಮ್ಮ ಕಡೆಯ ಹುಡುಗ, ಒಳ್ಳೆಯವನು" ಎಂದರು. ಅದು ನಡತೆಗೆ ಕೊಟ್ಟ ಸಾಕ್ಷಿ. ಇಂದು ನಮ್ಮ ಮುಂದೆ ಬರುವ ಕಾಗದ ಕೇಳುವುದು ಸಾಕ್ಷಿಯನ್ನಲ್ಲ, ಸಾಲವನ್ನು.

ಹಳಗನ್ನಡದಲ್ಲಿ 'ಪೊಣೆ' ಎಂದರೆ ಜಾಮೀನು. ಅದೇ ಇಂದಿನ ನಮ್ಮ 'ಹೊಣೆ'. ಕಾಲಕ್ರಮದಲ್ಲಿ ಆ ಪದದ ಅಂಚು ಸವೆದು ಅದು ಭಾಷಣದ ಪದವಾಯಿತು. ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ 'ಹೊಣೆ' ಹೊರುತ್ತಾರೆ. ಕಾನೂನಿನಲ್ಲಿ ಮಾತ್ರ ಅದರ ಅಂಚು ಸವೆದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಮೂಲ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಮೊದಲು ಅವನನ್ನು ಕೇಳಿ, ಅವನಿಂದ ಹುಟ್ಟದಿದ್ದರೆ ನನ್ನನ್ನು ಕೇಳಿ ಎನ್ನುವ ಹಕ್ಕು ನಮಗಿಲ್ಲ. ಬಿಹಾರದ ಬ್ಯಾಂಕೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿ ಅರ್ಧ ಶತಮಾನವೇ ಕಳೆದಿದೆ. ಅದೇ ಕಾಯಿದೆಯ 43ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ: ಹಲವರು ಕೂಡಿ ಒಂದು ವಚನ ಕೊಟ್ಟರೆ ಅವರಲ್ಲಿ ಯಾರೊಬ್ಬನಿಂದ ಬೇಕಾದರೂ ಪೂರ್ತಿ ಈಡೇರಿಸಿಕೊಳ್ಳಬಹುದು. ಈ ಎರಡನ್ನೂ ಕೂಡಿಸಿ ಓದಬೇಕು. ನಾಲ್ವರು ಸೇರಿ ಹಿಡಿದ ಮನೆಗೆ ನಾವು ಒಬ್ಬ ಹುಡುಗನ ಮುಖ ನೋಡಿ ಸಹಿ ಹಾಕುತ್ತೇವೆ. ಆದರೆ ನಾಲ್ವರ ಸಾಲಕ್ಕೂ ಜಾಮೀನಾಗುತ್ತೇವೆ. ಉಳಿದ ಮೂವರ ಹೆಸರನ್ನು ನಾವು ಮೊದಲ ಬಾರಿಗೆ ಓದುವುದೇ ಆ ಕಾಗದದಲ್ಲಿ.

ನಾನೂ ಹಾಗೆ ಸಹಿ ಹಾಕಿದವನೇ. ಚಿಕ್ಕಮ್ಮನ ಮಗಳು, ನನಗೆ ಅಕ್ಕನಾಗಬೇಕು, ಊರಿನಿಂದ ಫೋನು ಮಾಡಿದ್ದಳು. ಅವಳ ಮಗನಿಗೆ ಹಿಂಜವಡಿಯಲ್ಲಿ ಕೆಲಸ ಸಿಕ್ಕಿತ್ತು. ನಾಲ್ವರು ಹುಡುಗರು, ತಿಂಗಳಿಗೆ 32,000 ರೂಪಾಯಿ ಬಾಡಿಗೆ, ಒಂದು ಲಕ್ಷ ಮುಂಗಡ, ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಒಪ್ಪಂದ. ಒಪ್ಪಂದವೇನೋ ಹೆಬ್ಬೆರಳ ಗುರುತಿನೊಂದಿಗೆ ಆನ್‌ಲೈನಿನಲ್ಲಿ ಕ್ರಮವಾಗಿಯೇ ನೋಂದಣಿಯಾಯಿತು. ನನ್ನ ಜಾಮೀನು ಪತ್ರ ಬೇರೆ, ಛಾಪಾ ಕಾಗದದ ಮೇಲೆ. ಏಜೆಂಟನು ಅದನ್ನು ಸಾಕ್ಷಿಯ ಸಹಿ ಎಂಬಂತೆ ಮುಂದಿಟ್ಟ, ಇಂಗ್ಲಿಷ್ ಎಂ.ಎ. ಮಾಡಿದ ನಾನು ಎರಡು ಪುಟದ ಇಂಗ್ಲಿಷನ್ನು ಪೂರ್ತಿ ಓದದೆ ಸಹಿ ಹಾಕಿದೆ. ಷೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿಯ ಕುರಿತು ತರಗತಿಯಲ್ಲಿ ಶೈಲಾಕನ ಕ್ರೌರ್ಯವನ್ನು ಚರ್ಚಿಸಿದಷ್ಟು ಅಂಟೋನಿಯೋನ ಸಹಿಯನ್ನು ನಾವ್ಯಾರೂ ಚರ್ಚಿಸಿರಲಿಲ್ಲ. ಅವನಾದರೂ ಹೊಣೆ ನಿಂತದ್ದು ಒಬ್ಬನೇ ಗೆಳೆಯನಿಗೆ, ಮೊತ್ತವೂ ಅವಧಿಯೂ ಗೊತ್ತಿದ್ದ ಸಾಲಕ್ಕೆ.

ಆರು ತಿಂಗಳಾಗುವಷ್ಟರಲ್ಲಿ ಇಬ್ಬರು ಹುಡುಗರು ಕೆಲಸ ಬದಲಿಸಿ ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ಹೊಸಬರಿಬ್ಬರು ಬಂದರು. ಮಾಲೀಕ ವಾಟ್ಸ್ಆಪಿನಲ್ಲಿ 'ಸರಿ' ಎಂದ. ಒಪ್ಪಂದ ತಿದ್ದಲಿಲ್ಲ, ನನಗೆ ತಿಳಿಸಲಿಲ್ಲ. ಅವಧಿ ಮುಗಿದ ದಿನ ನಮ್ಮ ಹುಡುಗ ತನ್ನ ಪಾಲಿನ 8,000 ರೂಪಾಯಿಗಳ ಕೊನೆಯ ಕಂತನ್ನೂ ಕೊಟ್ಟು, ಹಾಸಿಗೆ ಸುತ್ತಿಕೊಂಡು ಹೈದರಾಬಾದಿಗೆ ಹೊರಟುಹೋದ. ಹೊಸಬರು ಹೋಗಲಿಲ್ಲ. ಎರಡು ತಿಂಗಳ ನಂತರ ನನ್ನ ಹೆಸರಿಗೆ ವಕೀಲರ ನೋಟಿಸು ಬಂತು. ಹೊಸಬರಿಬ್ಬರ ಮೂರು ತಿಂಗಳ ಬಾಕಿ 48,000. ಅವಧಿ ಮೀರಿ ಉಳಿದ ಎರಡು ತಿಂಗಳಿಗೆ 1,28,000. ಏಕೆಂದರೆ ಲೈಸೆನ್ಸಿನ ಅವಧಿ ಮುಗಿದ ಮೇಲೂ ತೆರವು ಮಾಡದಿದ್ದರೆ ಶುಲ್ಕದ ಇಮ್ಮಡಿ ದರದಲ್ಲಿ ನಷ್ಟ ತುಂಬಿಕೊಡಬೇಕೆಂದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 24ನೆಯ ಕಲಮು ಹೇಳುತ್ತದೆ. ಗೋಡೆ, ಬಾಗಿಲು, ನಲ್ಲಿಗಳ ರಿಪೇರಿಗೆ 35,000. ಒಟ್ಟು 2,11,000, ಮುಂಗಡ ಕಳೆದು 1,11,000 ರೂಪಾಯಿ.

ನನಗೆ ಕಾನೂನಿನ ಆಸರೆ ಇರಲಿಲ್ಲವೆಂದಲ್ಲ. ಜಾಮೀನುದಾರನ ಒಪ್ಪಿಗೆಯಿಲ್ಲದೆ ಮೂಲ ಕರಾರಿನಲ್ಲಿ ಬದಲಾವಣೆ ಮಾಡಿದರೆ ಮುಂದಿನ ವ್ಯವಹಾರಗಳ ಮಟ್ಟಿಗೆ ಅವನು ಬಿಡುಗಡೆ ಹೊಂದುತ್ತಾನೆ ಎನ್ನುತ್ತದೆ 133ನೆಯ ಕಲಮು. ಆದರೆ ನಾನು ಓದದ ಎರಡನೆಯ ಪುಟದಲ್ಲಿ, ವಾಸಿಗಳು ಬದಲಾದರೂ ನನ್ನ ಹೊಣೆ ಮುಂದುವರಿಯುತ್ತದೆ, ಅಂಥ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲಿತ್ತು. ಆ ಸಾಲು ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆಂಬುದು ವಾದದ ವಿಷಯ. "ನೀವು ಗೆಲ್ಲಬಹುದು ಸರ್, ಆದರೆ ಯಾವ ವರ್ಷ ಎಂದು ಕೇಳಬೇಡಿ" ಎಂದರು ನನ್ನ ವಕೀಲರು. ಅಷ್ಟರಲ್ಲಿ ದಾವೆ ಹೂಡಿದರೆ ನಾನು ಕಚೇರಿಗೆ ವರದಿ ಕೊಡಬೇಕು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 17ನೆಯದು, ಸಾಲ ವಸೂಲಿಗಾಗಿ ನೌಕರನ ಮೇಲೆ ನ್ಯಾಯಾಲಯದ ಕ್ರಮ ಆರಂಭವಾದರೆ ಅದರ ಪೂರ್ಣ ವಿವರವನ್ನು ಕೂಡಲೇ ತಿಳಿಸಬೇಕೆನ್ನುತ್ತದೆ. ಬಡ್ತಿಯ ಕಡತ ಮೇಲೆ ಹೋಗಿದ್ದ ಸಮಯ. ನಾನು 80,000 ರೂಪಾಯಿಗೆ ರಾಜಿ ಮಾಡಿಕೊಂಡೆ.

ಅಕ್ಕನಿಗೆ ಫೋನು ಮಾಡಿದೆ. "ನನ್ನ ಮಗ ಒಂದು ರೂಪಾಯಿನೂ ಬಾಕಿ ಇಟ್ಟಿಲ್ಲಲ್ಲೋ ತಮ್ಮಾ, ಮತ್ತ ಯಾರದ ರೊಕ್ಕ ಕೊಟ್ಟಿ ನೀ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಅವಳ ಮಾತು ಸತ್ಯ. ನಾನು ಬಲ್ಲ ಹುಡುಗ ತಪ್ಪಲಿಲ್ಲ. ಕಂಡರಿಯದ ಇಬ್ಬರ ಸಾಲವನ್ನು ನಾನು ತೀರಿಸಿದೆ. ಕೊಟ್ಟದ್ದನ್ನು ಮೂಲ ಸಾಲಗಾರರಿಂದ ವಸೂಲು ಮಾಡುವ ಹಕ್ಕನ್ನು ಕಾಯಿದೆ ನನಗೆ ಕೊಟ್ಟಿದೆ. ಆದರೆ ಆ ಹಕ್ಕು ನನ್ನ ಕೈಗೆ ಸಿಗುವ ಯಾರ ಮೇಲೆ ಚಲಾಯಿಸಬೇಕು? ವಿಳಾಸ ಗೊತ್ತಿದ್ದವನು ಒಬ್ಬನೇ, ಎಲ್ಲವನ್ನೂ ಸರಿಯಾಗಿ ಕೊಟ್ಟು ಹೋದ ಅಕ್ಕನ ಮಗ.

ಮಾಲೀಕರು ಸರ್ಕಾರಿ ನೌಕರನನ್ನೇ ಏಕೆ ಕೇಳುತ್ತಾರೆಂದು ನಾವು ಯೋಚಿಸುವುದಿಲ್ಲ. ಅದನ್ನು ಗೌರವವೆಂದು ತಿಳಿದು ಸ್ವಲ್ಪ ಹಿಗ್ಗುತ್ತೇವೆ ಸಹ. ವ್ಯಾಪಾರಿಯ ಆದಾಯವನ್ನು ಹುಡುಕಬೇಕು. ನಮ್ಮ ಸಂಬಳ ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ಬಂದು ಬೀಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಜಪ್ತಿಯಿಂದ ಕಾಪಾಡುತ್ತದೆ. ಮಿಕ್ಕ ಪಾಲಿನ ಮೇಲೆ ಅವರ ಕಣ್ಣು.

ನಮ್ಮ ಕಚೇರಿಗಳ ಸಹಕಾರ ಸಂಘದ ಸಾಲಗಳಿಗೆ ನಾವು ಪರಸ್ಪರ ಜಾಮೀನು ನಿಲ್ಲುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ನಿಲ್ಲುತ್ತೇವೆ. ಅಲ್ಲಿ ಮೊತ್ತ ಅಚ್ಚಾಗಿರುತ್ತದೆ, ಕಂತುಗಳ ಸಂಖ್ಯೆ ಗೊತ್ತಿರುತ್ತದೆ, ಸಾಲ ಪಡೆದವನು ಪಕ್ಕದ ಮೇಜಿನಲ್ಲೇ ಕೂತಿರುತ್ತಾನೆ. ಬಾಡಿಗೆಯ ಜಾಮೀನಿನಲ್ಲಿ ಈ ಮೂರೂ ಇಲ್ಲ.

ಎದುರು ವಾದದಲ್ಲಿ ಒಂದು ಮಾತು ಮಾತ್ರ ನನ್ನನ್ನು ಚುಚ್ಚುತ್ತದೆ. ನಾವು ನಿಲ್ಲದಿದ್ದರೆ ನಮ್ಮ ಹುಡುಗರಿಗೆ ಮನೆಯೇ ಸಿಗದು. ಮದುವೆಯಾಗದ ಹುಡುಗರೆಂದರೆ ಸೊಸೈಟಿಗಳು ಮುಖ ತಿರುಗಿಸುತ್ತವೆ. ಹುಡುಗಿಯರಾದರೆ ಪ್ರಶ್ನೆಗಳು ಇನ್ನೂ ಹೆಚ್ಚು. ಹೆಸರಿನಿಂದ ಜಾತಿ, ಧರ್ಮ ಹುಡುಕುವವರೂ ಇದ್ದಾರೆ. ಇದೆಲ್ಲ ನಿಜ. ಆದರೆ ನಮ್ಮ ಸಹಿ ಈ ಅನ್ಯಾಯವನ್ನು ತಡೆಯುವುದಿಲ್ಲ, ಅದಕ್ಕೆ ಶುಲ್ಕ ಕಟ್ಟುತ್ತದೆ. ಮುಂಗಡವನ್ನೂ ತೆಗೆದುಕೊಂಡು ಮೇಲೆ ಮಿತಿಯಿಲ್ಲದ ಜಾಮೀನನ್ನೂ ಕೇಳುವ ಮಾಲೀಕ ಒಂದೇ ಅಪಾಯಕ್ಕೆ ಎರಡು ಬಾರಿ ಭದ್ರತೆ ಪಡೆಯುತ್ತಾನೆ. 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿಕೊಂಡರಷ್ಟೇ ಕಾನೂನು. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಕರೆಯುವ ಶಾಸಕರ ಬಳಿ ಈ ಮಾತನ್ನು ಒಮ್ಮೆಯಾದರೂ ಎತ್ತಿದ್ದುಂಟೇ?

ಸಹಾಯ ಬೇಡವೆಂದು ನಾನು ಹೇಳುತ್ತಿಲ್ಲ. ಹುಡುಗನ ಪಾಲಿನ ಮುಂಗಡವನ್ನು ಕೈಗಡವಾಗಿ ಕೊಡಿ. ಹೋದರೂ ಹೋಗುವುದು ಅಷ್ಟೇ. ಮನೆ ಸಿಗುವವರೆಗೆ ನಿಮ್ಮ ಹಾಲಿನಲ್ಲಿ ಹಾಸಿಗೆ ಹಾಸಿಕೊಡಿ. ನಾಲ್ವರಿಗೂ ಒಂದೇ ಒಪ್ಪಂದದ ಬದಲು ಒಬ್ಬೊಬ್ಬರಿಗೆ ಬೇರೆ ಒಪ್ಪಂದ ಮಾಡಿಕೊಡುವ ಮಾಲೀಕನನ್ನು ಹುಡುಕಿ. ಏನೂ ಸಾಧ್ಯವಾಗದೆ ಸಹಿ ಹಾಕಲೇಬೇಕಾಗಿ ಬಂದರೆ, ಯಾವ ಹುಡುಗನಿಗೆ, ಎಷ್ಟು ರೂಪಾಯಿಯವರೆಗೆ, ಯಾವ ತಾರೀಖಿನವರೆಗೆ ಎಂಬುದನ್ನು ನಿಮ್ಮ ಕೈಯಿಂದಲೇ ಬರೆಯಿರಿ. ವಾಸಿಗಳು ಬದಲಾದರೆ ಜಾಮೀನು ಕೊನೆಗೊಳ್ಳುತ್ತದೆಂಬ ಸಾಲನ್ನು ಸೇರಿಸಿ. ಉಳಿದ ಮೂವರ ತಂದೆತಾಯಿಯರನ್ನೂ ಸಹಜಾಮೀನುದಾರರನ್ನಾಗಿ ಮಾಡಲು ಹೇಳಿ. 128ನೆಯ ಕಲಮೇ ಇದಕ್ಕೆ ಅವಕಾಶ ಕೊಟ್ಟಿದೆ. ಇದಕ್ಕೆ ಒಪ್ಪದ ಮಾಲೀಕ ಮುಂದೆ ಹೇಗೆ ನಡೆದುಕೊಳ್ಳುತ್ತಾನೆಂಬುದು ಅಲ್ಲಿಯೇ ತಿಳಿಯುತ್ತದೆ.

ಈ ಜೂನಿನಲ್ಲಿಯೂ ಒಂದು ಕರೆ ಬಂತು, ನಮ್ಮ ಓಣಿಯ ಮಾಸ್ತರರ ಮಗಳಿಗಾಗಿ. ಮೂವರು ಹುಡುಗಿಯರು, ಕೋಥರೂಡಿನಲ್ಲಿ ಮನೆ. ಆ ಮಾಸ್ತರರೇ ನನಗೆ ಏಳನೆಯ ತರಗತಿಯಲ್ಲಿ ಇಂಗ್ಲಿಷ್ ಕಲಿಸಿದವರು. ಅವಳ ಪಾಲಿನ ಮುಂಗಡ 25,000 ರೂಪಾಯಿಯನ್ನು ಅಂದೇ ಕಳಿಸಿದೆ. ಜಾಮೀನು ಪತ್ರವನ್ನು ಎರಡೂ ಪುಟ ಓದಿ, ಸಹಿಯಿಲ್ಲದೆ ಹಿಂದಿರುಗಿಸಿದೆ. ಮಾಸ್ತರರು ಆಮೇಲೆ ಫೋನು ಮಾಡಿಲ್ಲ.