ಈ ಮಕ್ಕಳನ್ನು ಕೊಂದವರು ಯಾರು?

1938ರ ಡಿಸೆಂಬರ್ 30ರಂದು ಜೆಕೊಸ್ಲೊವಾಕಿಯಾದ ಬ್ರನೊ ನಗರದಲ್ಲಿ, ಸೆರ್ಗೆ ಪ್ರೊಕೋಫಿಯೆವ್ ಸಂಗೀತದ ‘ರೋಮಿಯೋ ಮತ್ತು ಜೂಲಿಯೆಟ್’ ಬ್ಯಾಲೆ ಮೊದಲ ಬಾರಿಗೆ ರಂಗಕ್ಕೇರಿತು. ಅಲ್ಲಿಂದ ಈಚೆಗೆ ಎಂಟು ದಶಕಗಳು ಕಳೆದಿವೆ. ಈ ಅವಧಿಯಲ್ಲಿ ಷೇಕ್ಸ್‌ಪಿಯರನ ಪ್ರೇಮಿಗಳು ವೆರೋನಾವನ್ನು ಬಿಟ್ಟು ನ್ಯೂಯಾರ್ಕಿನ ಬೀದಿಗೆ ಬಂದರು, ಸರ್ವಾಧಿಕಾರಿ ಪ್ರಭುತ್ವದ ಕಾವಲು ಗೋಪುರದ ಕೆಳಗೆ ಸಿಕ್ಕಿಬಿದ್ದರು, ಬಿಳಿ ಟೈಲ್ಸ್ ಹಾಕಿದ ಸುಧಾರಣಾ ಸಂಸ್ಥೆಯೊಂದರಲ್ಲಿ ಬಂದಿಗಳಾದರು. ಹಳೆಯ ದುರಂತ ನಾಟಕವನ್ನು ಇಂದಿನ ಊರಿನಲ್ಲಿ, ಇಂದಿನ ನೃತ್ಯಭಾಷೆಯಲ್ಲಿ ಮತ್ತೆ ಹೇಳುವುದು ಈಗ ಜಗತ್ತಿನಾದ್ಯಂತ ವಾಡಿಕೆಯಾಗಿಬಿಟ್ಟಿದೆ. ಹೀಗೆ ಊರು ಬದಲಾಯಿಸಿದ್ದರಿಂದ ಕಥೆಗೆ ಬಂದದ್ದೇನು, ಹೋದದ್ದೇನು ಎಂದು ಲೆಕ್ಕ ಹಾಕುವ ಹೊತ್ತಿದು.

ಲೆಕ್ಕ ಶುರುವಾಗುವುದೇ ಒಂದು ವಿಚಿತ್ರದಿಂದ. 1935ರಲ್ಲಿ ಪ್ರೊಕೋಫಿಯೆವ್ ಈ ಸಂಗೀತವನ್ನು ಬರೆದಾಗ ಕೊನೆಯಲ್ಲಿ ಪ್ರೇಮಿಗಳು ಸಾಯುತ್ತಿರಲಿಲ್ಲ. ಬದುಕಿರುವವರು ಕುಣಿಯಬಲ್ಲರು, ಸಾಯುತ್ತ ಮಲಗಿದವರು ಹೇಗೆ ಕುಣಿದಾರು ಎಂಬುದು ಅವರ ವಾದ. ಸೋವಿಯತ್ ಸಾಂಸ್ಕೃತಿಕ ಅಧಿಕಾರಿಗಳಿಗೆ ಷೇಕ್ಸ್‌ಪಿಯರನನ್ನು ತಿದ್ದುವ ಈ ಯತ್ನ ಹಿಡಿಸಲಿಲ್ಲ. 1936ರಲ್ಲಿ ಇನ್ನೊಬ್ಬ ಸಂಗೀತಗಾರ ಶೊಸ್ತಕೋವಿಚ್ ಮೇಲೆ ಪತ್ರಿಕಾ ದಾಳಿ ನಡೆದ ಮೇಲಂತೂ ಎಲ್ಲರೂ ಹೆದರಿದರು. ರಂಗಪಠ್ಯ ರಚನೆಯಲ್ಲಿ ಕೈಜೋಡಿಸಿದ್ದ ಆಡ್ರಿಯನ್ ಪಿಯೊತ್ರೊವ್‌ಸ್ಕಿಯನ್ನು 1937ರಲ್ಲಿ ಗುಂಡಿಟ್ಟು ಕೊಂದರು. ಕೊನೆಗೆ ಪ್ರೊಕೋಫಿಯೆವ್ ಮಣಿದರು, ಪ್ರೇಮಿಗಳು ಸತ್ತರು. ಪ್ರೇಮಿಗಳನ್ನು ಬದುಕಿಸುವ ಆಸೆ ಅವರೊಬ್ಬರದೇ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ನಾಟಕ ಕನ್ನಡಕ್ಕೆ ‘ರಾಮವರ್ಮ ಲೀಲಾವತಿ’ಯಾಗಿ ಬಂದಾಗ ಇಲ್ಲಿಯೂ ಸತ್ತವರು ದೈವಕೃಪೆಯಿಂದ ಎದ್ದು ಕೂತರು. ಮಂಗಳವಿಲ್ಲದೆ ಆಟ ಮುಗಿಸಲು ನಮ್ಮ ರಂಗಭೂಮಿಗೆ ಆಗ ಮನಸ್ಸಿರಲಿಲ್ಲ.

ಪ್ರೊಕೋಫಿಯೆವ್ ಎತ್ತಿದ ತಕರಾರಿನಲ್ಲಿ ನೃತ್ಯದ ಅಸಲಿ ತೊಡಕು ಅಡಗಿದೆ. ಮೂಲ ನಾಟಕದ ದುರಂತ ನಿಂತಿರುವುದು ತಲುಪದ ಒಂದು ಕಾಗದದ ಮೇಲೆ. ಜೂಲಿಯೆಟ್ ಸತ್ತಿಲ್ಲ, ಔಷಧಿ ಕುಡಿದು ಮಲಗಿದ್ದಾಳೆ ಎಂದು ಪಾದ್ರಿ ಲಾರೆನ್ಸ್ ಬರೆದದ್ದು, ಪ್ಲೇಗಿನ ದಿಗ್ಬಂಧನದಿಂದಾಗಿ ರೋಮಿಯೋನ ಕೈ ಸೇರುವುದಿಲ್ಲ. ಮಾತಿನ ನಾಟಕದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಸಂಗತಿ ಇದು. ಕುಣಿದು ತೋರಿಸುವುದು ಹೇಗೆ? ಬಾರದ ಕಾಗದಕ್ಕೆ ಹೆಜ್ಜೆಯಿಲ್ಲ. ಮೈ ತೋರಿಸಬಲ್ಲದ್ದು ಎತ್ತಿದ ಕೈಯನ್ನು, ತಳ್ಳಿದ ಭುಜವನ್ನು, ಬಾಗಿದ ಬೆನ್ನನ್ನು. ಆದ್ದರಿಂದ ಈ ಕಥೆ ನೃತ್ಯವಾದಾಗಲೆಲ್ಲ ಆಕಸ್ಮಿಕ ಹಿಂದೆ ಸರಿಯುತ್ತದೆ, ಹೊಣೆ ಮುಂದೆ ಬರುತ್ತದೆ. ವಿಧಿಯನ್ನು ದೂರಿ ಜಾರಿಕೊಳ್ಳಲು ನೃತ್ಯ ಸಂಯೋಜಕರಿಗೆ ದಾರಿಯಿಲ್ಲ. ಈ ಮಕ್ಕಳನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಲೇಬೇಕು. ಆಧುನಿಕ ರೂಪಾಂತರಗಳ ಇತಿಹಾಸವೆಂದರೆ ಒಂದೊಂದು ಕಾಲವೂ ಕೊಟ್ಟ ಉತ್ತರಗಳ ಇತಿಹಾಸ.

ಮೊದಲ ಉತ್ತರಗಳು ವೆರೋನಾದಲ್ಲೇ ಸಿಕ್ಕವು. 1940ರ ಜನವರಿಯಲ್ಲಿ ಲೆನಿನ್‌ಗ್ರಾದಿನಲ್ಲಿ ಲಿಯೊನಿದ್ ಲವ್ರೊವ್‌ಸ್ಕಿ ಕಟ್ಟಿದ ಪ್ರಯೋಗದಲ್ಲಿ ಗಲೀನಾ ಉಲನೋವಾ ಜೂಲಿಯೆಟ್. ಅಲ್ಲಿ ಅಪರಾಧಿ ಹಳೆಯ ಪಾಳೇಗಾರಿಕೆ. ಕೊನೆಗೆ ಪ್ರೇಮಿಗಳ ಹಗೆ ಮನೆತನಗಳೆರಡೂ ಶವಗಳ ಮುಂದೆ ರಾಜಿಯಾಗುತ್ತವೆ. 1956ರಲ್ಲಿ ಬೊಲ್ಶಾಯ್ ತಂಡ ಇದನ್ನು ಲಂಡನ್ನಿಗೆ ಒಯ್ದಾಗ ಅಲ್ಲಿನವರು ಬೆರಗಾದರು. 1965ರಲ್ಲಿ ಅದೇ ಲಂಡನ್ನಿನ ರಾಯಲ್ ಬ್ಯಾಲೆಗಾಗಿ ಕೆನೆತ್ ಮ್ಯಾಕ್‌ಮಿಲನ್ ತಮ್ಮದೇ ಪ್ರಯೋಗ ಕಟ್ಟಿದರು. ಸತ್ತವರು ಕುಣಿಯಲಾರರು ಎಂಬ ಮಾತಿಗೆ ಮ್ಯಾಕ್‌ಮಿಲನ್ ಕೊಟ್ಟ ಜವಾಬು ಇಂದಿಗೂ ನಡುಕ ಹುಟ್ಟಿಸುತ್ತದೆ: ಸಮಾಧಿಯಲ್ಲಿ ರೋಮಿಯೋ ಜೂಲಿಯೆಟ್ಟಳ ಜೀವವಿಲ್ಲದ ಮೈಯನ್ನೇ ಎತ್ತಿ, ಎಳೆದು, ಹಿಂದೆ ಒಟ್ಟಿಗೆ ಕುಣಿದ ಹೆಜ್ಜೆಗಳನ್ನು ಮತ್ತೆ ಕುಣಿಸಲು ನೋಡುತ್ತಾನೆ. ಮನೆತನಗಳ ರಾಜಿಯನ್ನು ಅವರು ಕಿತ್ತೇ ಹಾಕಿದರು. ಆದರೆ ಮೊದಲ ಪ್ರದರ್ಶನದಲ್ಲಿ ಹದಿನಾಲ್ಕೂ ತುಂಬದ ಹುಡುಗಿಯಾಗಿ ಕುಣಿದದ್ದು 45 ವರ್ಷದ ಮಾರ್ಗೊ ಫಾಂಟೆನ್. ಮ್ಯಾಕ್‌ಮಿಲನ್ ಆ ಪಾತ್ರವನ್ನು ಕಟ್ಟಿದ್ದು ಎಳೆಯ ಕಲಾವಿದೆ ಲಿನ್ ಸೀಮರ್ ಮೇಲೆ. ತಾರೆಯರ ಹೆಸರಿಗೆ ಟಿಕೆಟ್ ಹೆಚ್ಚು ಮಾರಾಟವಾಗುತ್ತದೆ ಎಂಬ ವ್ಯವಹಾರ ಆಕೆಯನ್ನು ಹಿಂದಕ್ಕೆ ತಳ್ಳಿತು.

ಊರನ್ನೇ ಬದಲಿಸಿದ ದೊಡ್ಡ ಹೆಜ್ಜೆ 1957ರಲ್ಲಿ ಬ್ರಾಡ್‌ವೇಗೆ ಬಂದ ಸಂಗೀತ ನಾಟಕ ‘ವೆಸ್ಟ್ ಸೈಡ್ ಸ್ಟೋರಿ’. ಅದರ ನಿರ್ದೇಶಕ ಜೆರೋಮ್ ರಾಬಿನ್ಸ್ ಮೊದಲು ಯೋಚಿಸಿದ್ದು ಕ್ಯಾಥೊಲಿಕ್ ಮತ್ತು ಯಹೂದಿ ಮನೆಗಳ ನಡುವಿನ ಪ್ರೇಮವನ್ನು. ಐವತ್ತರ ದಶಕದಲ್ಲಿ ಬೀದಿ ಗ್ಯಾಂಗುಗಳ ಸುದ್ದಿ ಹೆಚ್ಚಿದಾಗ ಅದು ಜೆಟ್ಸ್ ಮತ್ತು ಪೋರ್ಟೊ ರಿಕೊ ಮೂಲದ ಶಾರ್ಕ್ಸ್ ಹುಡುಗರ ಕಥೆಯಾಯಿತು. ತಾಲೀಮಿಗೆ ವಾಡಿಕೆಯ ನಾಲ್ಕು ವಾರಗಳ ಬದಲು ಎಂಟು ವಾರ ಹಿಡಿದ ರಾಬಿನ್ಸ್, ಎರಡೂ ಗುಂಪಿನ ನರ್ತಕರು ಬಿಡುವಿನಲ್ಲೂ ಬೆರೆಯದಂತೆ ನೋಡಿಕೊಂಡರು. ಚಿಟಿಕೆ ಹೊಡೆಯುತ್ತ ಬೀದಿಗಿಳಿಯುವ ಹುಡುಗರ ನಡಿಗೆ ನಿಧಾನವಾಗಿ ಕುಣಿತವಾಗುವುದನ್ನು ನೋಡಿದರೆ, ಹೊಡೆದಾಟವೂ ನೃತ್ಯವೂ ಒಂದೇ ಮೈಯ ಕೆಲಸ ಎಂಬುದು ಅರ್ಥವಾಗುತ್ತದೆ. ಇಲ್ಲಿ ಕೊಲೆಗಾರ ಜನಾಂಗ ದ್ವೇಷ. ಜೂಲಿಯೆಟ್ ಸ್ಥಾನದಲ್ಲಿರುವ ಮರಿಯಾ ಸಾಯುವುದಿಲ್ಲ, ಬದುಕುಳಿದು ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಜಮಾ ಭಾಗದಲ್ಲಿ ಇಷ್ಟಿದ್ದರೂ ಖರ್ಚಿನ ಕಲಂ ಖಾಲಿಯಿಲ್ಲ: ಹತ್ತು ಆಸ್ಕರ್ ಗೆದ್ದ 1961ರ ಸಿನಿಮಾ ಪೋರ್ಟೊ ರಿಕೊ ಜನರ ಪಾತ್ರಗಳಿಗೆ ಬಹುಪಾಲು ಬೇರೆಯವರನ್ನು ಹಾಕಿ ಮುಖಕ್ಕೆ ಕಂದು ಬಣ್ಣ ಬಳಿಯಿತು. ಜನಾಂಗ ದ್ವೇಷದ ವಿರುದ್ಧದ ಕೃತಿಯ ಈ ಕಲೆ ತೊಳೆಯಲು 2021ರಲ್ಲಿ ಸ್ಪೀಲ್‌ಬರ್ಗ್ ಅದನ್ನು ಮತ್ತೆ ತೆಗೆಯುವವರೆಗೆ ಕಾಯಬೇಕಾಯಿತು.

1990ರಲ್ಲಿ ಲಿಯಾನ್ ಒಪೇರಾ ಬ್ಯಾಲೆಗಾಗಿ ಆಂಜೆಲಿನ್ ಪ್ರೆಲ್ಜೊಕಾಜ್ ಪ್ರಭುತ್ವವನ್ನು ಕಟಕಟೆಗೆ ತಂದರು. ಅವರು ಅಲ್ಬೇನಿಯಾದಿಂದ ಬಂದವರ ಮಗ. ರಂಗಸಜ್ಜಿಕೆ ಮಾಡಿದ ಕಾಮಿಕ್ಸ್ ಕಲಾವಿದ ಎಂಕಿ ಬಿಲಾಲ್ ಹುಟ್ಟಿದ್ದು ಬೆಲ್‌ಗ್ರೇಡಿನಲ್ಲಿ. ಬರ್ಲಿನ್ ಗೋಡೆ ಬಿದ್ದು ಒಂದು ವರ್ಷವಾಗಿತ್ತಷ್ಟೆ. ಜೂಲಿಯೆಟ್ ಆಳುವ ವರ್ಗದ ಮಗಳು, ರೋಮಿಯೋ ಬೀದಿಯಲ್ಲಿ ಮಲಗುವವನು, ಗೋಡೆಯ ಮೇಲೆ ನಾಯಿ ಹಿಡಿದ ಕಾವಲುಗಾರ. ಎರಡು ಸಮಾನ ಮನೆತನಗಳ ಜಗಳವೆಂಬ ಷೇಕ್ಸ್‌ಪಿಯರನ ತಳಪಾಯವನ್ನೇ ಅವರು ಒಡೆದರು. ಒಂದು ಕಡೆ ಲಾಠಿಯಿದೆ, ಇನ್ನೊಂದು ಕಡೆ ಬರಿಗೈ. ರಾಜಕೀಯವಾಗಿ ಇದು ಹರಿತವಾದ ಉತ್ತರ. ಆದರೆ ಪ್ರಭುತ್ವಕ್ಕೆ ಮುಖವಿಲ್ಲ. ಮುಖವಿಲ್ಲದವನ ಮೇಲೆ ಸಿಟ್ಟು ಬರುತ್ತದೆ, ಅವನಿಗಾಗಿ ಸಂಕಟವಾಗುವುದಿಲ್ಲ. ದುರಂತಕ್ಕೆ ಎರಡೂ ಬೇಕು.

ಆ ಎರಡನ್ನೂ ಹಿಡಿದವರು 1996ರಲ್ಲಿ ಮಾಂಟೆ ಕಾರ್ಲೊದಲ್ಲಿ ಜೀನ್ ಕ್ರಿಸ್ಟೋಫ್ ಮೈಯೊ. ಅವರಲ್ಲಿ ಬೀದಿ ಗ್ಯಾಂಗೂ ಇಲ್ಲ, ಕಾವಲು ಗೋಪುರವೂ ಇಲ್ಲ. ಬರೀ ಬಿಳಿಯ ಇಳಿಜಾರುಗಳು. ಕಥೆ ಶುರುವಾಗುವುದು ಪಾದ್ರಿ ಲಾರೆನ್ಸ್ ಪಶ್ಚಾತ್ತಾಪದಲ್ಲಿ ನರಳುವುದರಿಂದ. ಎಲ್ಲವೂ ಅವನ ನೆನಪಾಗಿ ಹಿಂದಕ್ಕೆ ಸಾಗುತ್ತದೆ. ಅವನು ಕೆಟ್ಟವನಲ್ಲ. ಆ ಮಕ್ಕಳಿಗೆ ಒಳಿತನ್ನೇ ಬಯಸಿದವನು, ಮದುವೆ ಮಾಡಿಸಿದವನು, ಔಷಧಿ ಕೊಟ್ಟವನು. ಹಿತ ಬಯಸಿದ ಕೈಯೇ ಕೊಂದಿತು ಎಂಬ ಅರಿವು ಅವನ ಮೈಯನ್ನು ತಿರುಚುತ್ತದೆ. ಬಟ್ಟೆಯನ್ನೂ ಬೀದಿಯನ್ನೂ ಇಂದಿನದಾಗಿಸದೆಯೇ ಕಥೆಯನ್ನು ಇಂದಿನದಾಗಿಸಬಹುದು ಎಂಬುದಕ್ಕೆ ಇಡೀ ಪರಂಪರೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಆಮೇಲಿನದು ಪ್ರಯೋಗಗಳ ಸುಗ್ಗಿ. 2005ರಲ್ಲಿ ಸ್ಲೊವೇನಿಯಾದ ಮಾರಿಬೋರ್‌ನಲ್ಲಿ ಎಡ್ವರ್ಡ್ ಕ್ಲುಗ್, ರೇಡಿಯೊಹೆಡ್ ತಂಡದ ಸಂಗೀತಕ್ಕೆ ಒಬ್ಬಳು ಜೂಲಿಯೆಟ್ ಮತ್ತು ಆರು ಗಂಡಸರನ್ನು ಇಟ್ಟು, ಆಕೆ ಸಾಯದೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. 2008ರಲ್ಲಿ ಅಮೆರಿಕದ ಮಾರ್ಕ್ ಮಾರಿಸ್, ವಿದ್ವಾಂಸ ಸೈಮನ್ ಮಾರಿಸನ್ ಮಾಸ್ಕೋದ ದಫ್ತರಗಳಿಂದ ಹೊರತೆಗೆದ ಪ್ರೊಕೋಫಿಯೆವ್‌ರ ಮೂಲ ಸುಖಾಂತವನ್ನು ರಂಗಕ್ಕೆ ತಂದರು. ಇತಿಹಾಸದ ಸಾಲ ತೀರಿತು. ಸುಖಾಂತ ಮಾತ್ರ ಜನಮನದಲ್ಲಿ ನೆಲೆಯೂರಲಿಲ್ಲ. 2022ರಲ್ಲಿ ಬೆಂಜಮಿನ್ ಮಿಲಪಿಯೆ, ಗಂಡು–ಹೆಣ್ಣು, ಗಂಡು–ಗಂಡು, ಹೆಣ್ಣು–ಹೆಣ್ಣು ಜೋಡಿಗಳಿಗೆ ದಿನಕ್ಕೊಂದರಂತೆ ಪಾತ್ರ ಹಂಚಿ, ಕ್ಯಾಮೆರಾ ಅವರನ್ನು ರಂಗದಾಚೆಗೂ ಹಿಂಬಾಲಿಸುವಂತೆ ಮಾಡಿದರು.

ಇವುಗಳಲ್ಲಿ ಹೆಚ್ಚು ಚರ್ಚೆಯಾದದ್ದು 2019ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ತೆರೆಕಂಡ ಮ್ಯಾಥ್ಯೂ ಬೋರ್ನ್ ಪ್ರಯೋಗ. ವೆರೋನಾ ಇಲ್ಲಿ ದಾರಿ ತಪ್ಪಿದವರೆಂದು ದೊಡ್ಡವರು ತೀರ್ಮಾನಿಸಿದ ಹರೆಯದವರನ್ನು ಕೂಡಿಹಾಕುವ ಸಂಸ್ಥೆ. ಮೂಲ ನಾಟಕದಲ್ಲಿ ಜೂಲಿಯೆಟ್ಟಳ ಸೋದರಬಂಧುವಾದ ಟಿಬಾಲ್ಟ್ ಇಲ್ಲಿ ಕಾವಲುಗಾರ, ಆಕೆಯ ಮೇಲೆ ದೌರ್ಜನ್ಯ ಎಸಗುವವನು. ಕೊನೆಯಲ್ಲಿ ಆ ಆಘಾತದ ಭ್ರಮೆಯಲ್ಲಿ ಜೂಲಿಯೆಟ್ ತನ್ನ ರೋಮಿಯೋನನ್ನೇ ಇರಿಯುತ್ತಾಳೆ. ಟೆರ್ರಿ ಡೇವೀಸ್ ಪ್ರೊಕೋಫಿಯೆವ್‌ರ ದೊಡ್ಡ ವಾದ್ಯವೃಂದವನ್ನು ಸಣ್ಣ ಮೇಳಕ್ಕೆ ಇಳಿಸಿದರು. ಬೋರ್ನ್ ತಮ್ಮ ತಂಡ ಹೋದ ಊರುಗಳಲ್ಲೆಲ್ಲ ಅಲ್ಲಿಯ ಹದಿಹರೆಯದ ನರ್ತಕರನ್ನು ಆರಿಸಿ ರಂಗಕ್ಕೆ ತಂದರು. ಸಹ ಸಂಯೋಜಕಿಯಾಗಿ ಯುವತಿ ಏರಿಯೆಲ್ ಸ್ಮಿತ್ ಅವರನ್ನು ಸೇರಿಸಿಕೊಂಡರು. ಫಾಂಟೆನ್ ಕಾಲದ ಲೋಪ ಇಲ್ಲಿ ತುಂಬಿತು. ಆದರೂ ಒಂದು ಆಕ್ಷೇಪ ಉಳಿಯುತ್ತದೆ. ತಪ್ಪನ್ನೆಲ್ಲ ಒಬ್ಬ ಕಾವಲುಗಾರನ ತಲೆಗೆ ಕಟ್ಟಿದರೆ, ಮಕ್ಕಳನ್ನು ತಂದು ಬಿಟ್ಟುಹೋದ ತಂದೆತಾಯಿ, ಕಣ್ಣುಮುಚ್ಚಿದ ವೈದ್ಯರು, ಸಂಸ್ಥೆ ಎಲ್ಲರೂ ಸಲೀಸಾಗಿ ಪಾರಾಗುತ್ತಾರೆ. ಅಪರಾಧಿ ತೀರಾ ಸ್ಪಷ್ಟವಾದ ಕಡೆ ದುರಂತ ಅಪರಾಧ ವರದಿಯಾಗುತ್ತದೆ.

ಒಟ್ಟು ಲೆಕ್ಕ ಹೀಗಿದೆ. ಬಂದದ್ದು ಮೂರು: ವಿಧಿಯ ಮರೆಯಲ್ಲಿ ನಿಂತಿದ್ದ ಹೊಣೆಗಾರರು ಬೆಳಕಿಗೆ ಬಂದರು, ಜೂಲಿಯೆಟ್ ಕಥೆಯ ನಡುಮಧ್ಯಕ್ಕೆ ಬಂದಳು, ಹರೆಯದ ಪಾತ್ರಗಳಿಗೆ ಹರೆಯದ ಮೈ ಸಿಕ್ಕಿತು. ಹೋದದ್ದೂ ಮೂರು. ಜೂಲಿಯೆಟ್ಟಳ ದಾದಿಯ ಹಾಸ್ಯ, ರೋಮಿಯೋನ ಗೆಳೆಯ ಮರ್ಕ್ಯೂಷಿಯೋನ ಚಾಟುಮಾತು ಕಳೆದುಹೋಗಿ ಇಡೀ ಕಥೆ ಮೊದಲಿನಿಂದಲೇ ಮುಖ ಗಂಟಿಕ್ಕಿಕೊಂಡಿತು. ನಾಲ್ಕೈದು ದಿನಗಳಲ್ಲಿ ಎಲ್ಲವೂ ಮುಗಿದುಹೋಗುವ ಆ ಧಾವಂತ ಸಡಿಲವಾಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ, ಮನೆ ಕಾಣೆಯಾದದ್ದು. ಗ್ಯಾಂಗು, ಪೊಲೀಸು, ಕಾವಲುಗಾರ ಬಂದಷ್ಟೂ ಅಪ್ಪ, ಅಮ್ಮ, ಸೋದರಬಂಧು ನೆಪಮಾತ್ರವಾದರು. ಬ್ಯಾಲೆಯಲ್ಲಿ ಅತ್ತೆಯನ್ನು ತೋರಿಸಲಾಗದು ಎಂಬರ್ಥದ ಮಾತೊಂದು ಜಾರ್ಜ್ ಬಾಲಂಚೀನ್ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದು ಬರೀ ತಮಾಷೆಯಲ್ಲ; ನಂಟಸ್ತಿಕೆಯನ್ನು ಹೇಳುವ ಸಾಧನ ಆ ನೃತ್ಯದ ಬಳಿ ಕಡಿಮೆ.

ನಮ್ಮ ಬಳಿ ಅದು ಇದೆ. ನೃತ್ಯಶಾಸ್ತ್ರ ಗ್ರಂಥ ‘ಅಭಿನಯ ದರ್ಪಣ’ದಲ್ಲಿ ಬಾಂಧವ್ಯ ಹಸ್ತಗಳೆಂಬ ಪ್ರತ್ಯೇಕ ಭಾಗವೇ ಇದೆ. ತಾಯಿ, ತಂದೆ, ಅತ್ತೆ, ಮಾವ, ನಾದಿನಿ, ಸೊಸೆ, ಅಣ್ಣತಮ್ಮ, ಸವತಿ, ಒಬ್ಬೊಬ್ಬರಿಗೂ ಒಂದೊಂದು ಹಸ್ತಮುದ್ರೆ. ಇಂಥ ಸಂಪತ್ತು ಇರುವ ನಾಡಿನಲ್ಲಿ ಈ ಕಥೆಯನ್ನು ಇಂದಿನದಾಗಿ ಹೇಳುವ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಸಿನಿಮಾ. ‘ಏಕ್ ದೂಜೇ ಕೇ ಲಿಯೇ’ಯಿಂದ ‘ಕಯಾಮತ್ ಸೇ ಕಯಾಮತ್ ತಕ್’ವರೆಗೆ ಅದರದೊಂದು ಸಾಲೇ ಇದೆ. 2016ರ ಮರಾಠಿ ‘ಸೈರಾಟ್’, ಮರುವರ್ಷ ಕನ್ನಡಕ್ಕೆ ‘ಮನಸು ಮಲ್ಲಿಗೆ’ಯಾಗಿ ಬಂತು. ‘ಸೈರಾಟ್’ನಲ್ಲಿ ಕೊಲ್ಲಲು ಬರುವವರು ತವರಿನವರು; ಉಡುಗೊರೆ ಹೊತ್ತು, ನಗುತ್ತ ಬರುತ್ತಾರೆ. ಜಾತಿ ಮೀರಿ ಮದುವೆಯಾದವರ ಕೊಲೆಗಳು ನಿಲ್ಲದೆ ಹೋದಾಗ 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಶಕ್ತಿ ವಾಹಿನಿ ಪ್ರಕರಣದಲ್ಲಿ, ಇಂಥ ಜೋಡಿಗಳಿಗೆ ರಕ್ಷಣೆ ಕೊಡಲು ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಯಿತು. ನಮ್ಮಲ್ಲಿ ವೆರೋನಾ ದೂರದ ಊರಲ್ಲ. ಕೊಲ್ಲುವವರು ಅಪರಿಚಿತರೂ ಅಲ್ಲ. ಎತ್ತಿ ಆಡಿಸಿದವರು, ಓದಿಸಿದವರು, ಮಗಳ ಹಿತಕ್ಕೇ ಮಾಡಿದೆವು ಎಂದು ನಂಬಿದವರು. ಮೈಯೊ ಅವರ ಪಾದ್ರಿಯ ಸಂಕಟಕ್ಕೆ ಇಲ್ಲಿ ಮನೆಮನೆಯಲ್ಲೂ ಜಾಗವಿದೆ.

ಇದಕ್ಕೆ ಬೇಕಾದ ತಯಾರಿ ಕರ್ನಾಟಕದಲ್ಲಿ ಇಲ್ಲವೆನ್ನುವಂತಿಲ್ಲ. ಅರವತ್ತರ ದಶಕದಲ್ಲೇ ಮಾಸ್ಕೋದಲ್ಲಿ ನೃತ್ಯ ಸಂಯೋಜನೆ ಕಲಿತು ಬಂದ ಮಾಯಾ ರಾವ್ ಮುಂದೆ ಬೆಂಗಳೂರಿನಲ್ಲಿ ಅದನ್ನು ಶಿಸ್ತಾಗಿ ಬೋಧಿಸಿದರು. ಆಟ್ಟಕ್ಕಳರಿಯಂಥ ಸಂಸ್ಥೆಗಳು ಸಮಕಾಲೀನ ನೃತ್ಯಕ್ಕೆ ನರ್ತಕರನ್ನು ರೂಪಿಸಿವೆ. ಭರತನಾಟ್ಯದ ಅಭಿನಯ, ಯಕ್ಷಗಾನದ ವೀರಾವೇಶ ಎರಡೂ ಇಲ್ಲಿಯ ಮೈಗಳಿಗೆ ಗೊತ್ತು. ಕೊರತೆಯಿರುವುದು ಧೈರ್ಯದ್ದು. ಸಭಾಂಗಣ ತುಂಬಿಸುವ ಪುರಾಣದ ನೃತ್ಯರೂಪಕಗಳಿಗೆ ಸಿಗುವ ನೆರವು, ನಮ್ಮ ಅಂಗಳದ ರಕ್ತವನ್ನು ತೋರಿಸುವ ಪ್ರಯೋಗಕ್ಕೆ ಸಿಗುವುದು ಕಷ್ಟ.

ಕನ್ನಡದ ನೃತ್ಯ ಸಂಯೋಜಕರಲ್ಲಿ ನಮ್ಮ ವಿನಂತಿ ಇಷ್ಟೆ. ರೋಮಿಯೋಗೆ ಜೀನ್ಸ್ ತೊಡಿಸಿ ಕೈಗೆ ಮೊಬೈಲ್ ಕೊಟ್ಟು ಅದನ್ನು ಆಧುನಿಕವೆಂದು ಕರೆಯಬೇಡಿ. ಮೊದಲು ಕೊಲೆಗಾರನನ್ನು ಹುಡುಕಿ. ಅವನು ಖಳನಾಯಕನಾಗಿ ಸಿಕ್ಕರೆ ಇನ್ನಷ್ಟು ಹುಡುಕಿ. ಮಗಳನ್ನು ಮುದ್ದಿಸಿದ ಅಪ್ಪನಾಗಿ, ತಂಗಿಯನ್ನು ಶಾಲೆಗೆ ಕರೆದೊಯ್ದ ಅಣ್ಣನಾಗಿ ಸಿಗುವವರೆಗೂ ಹುಡುಕಿ. ಅಕಾಡೆಮಿಗಳೂ ಪ್ರಾಯೋಜಕರೂ ಅಂಥ ಪ್ರಯೋಗಕ್ಕೆ ಹಣ, ರಂಗಮಂದಿರ, ತಾಲೀಮಿಗೆ ಸಮಯ ಮೂರನ್ನೂ ಕೊಡಲಿ. ಎಂಟು ದಶಕಗಳ ಪಾಶ್ಚಾತ್ಯ ಪ್ರಯೋಗಗಳು ಬೀದಿಯನ್ನೂ ಪ್ರಭುತ್ವವನ್ನೂ ಸಂಸ್ಥೆಯನ್ನೂ ಕಟಕಟೆಗೆ ತಂದಿವೆ. ಮನೆಯನ್ನು ತರುವ ಕೆಲಸ ಬಾಕಿಯಿದೆ. ಅದಕ್ಕೆ ಬೇಕಾದ ಹಸ್ತಗಳು ನಮ್ಮಲ್ಲಿವೆ.